ಹಸಿ ಸೌದೆಯ ಹೊಗೆ

ಕಾಲೇಜು ಮೈದಾನದಲ್ಲಿ ತಾರೆಗಳಾಗಿ ಮೆರೆದ ಅಮೆರಿಕನ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಹಲವರು ವೃತ್ತಿಪರ ಆಟಕ್ಕೆ ಕಾಲಿಟ್ಟೊಡನೆ ಮಂಕಾಗುವುದೇಕೆ ಎಂಬುದು ತರಬೇತುದಾರರ ಪ್ರಶ್ನೆಯಂತೆ ಕಂಡರೂ, ಅದರ ಬೇರು ತರ್ಕಶಾಸ್ತ್ರದಲ್ಲಿದೆ. ಕೌಶಲವೆಂಬುದು ಮನುಷ್ಯನೊಳಗೇ ನೆಲೆಸಿರುವ ಗುಣವೇ, ಅಥವಾ ಅವನಿಗೂ ಅವನು ನಿಂತ ನೆಲಕ್ಕೂ ನಡುವೆ ಏರ್ಪಡುವ ಸಂಬಂಧವೇ ಎಂಬುದನ್ನು ವಿಚಾರಿಸದೆ ಈ ಸೋಲುಗಳ ಕಾರಣ ಹುಡುಕಹೊರಟರೆ, ಕೈಗೆ ಸಿಗುವುದು ಆಟಗಾರನ ಸ್ವಭಾವದ ಮೇಲಿನ ದೂರುಗಳಷ್ಟೆ.

ಹನ್ನೊಂದು ಮಂದಿಯ ದಾಳಿಪಡೆಯಲ್ಲಿ ಚೆಂಡನ್ನು ಮೊದಲು ಕೈಗೆತ್ತಿಕೊಂಡು, ಅದನ್ನು ಎಸೆಯಬೇಕೆ, ಜೊತೆಗಾರನಿಗೆ ದಾಟಿಸಬೇಕೆ, ಹಿಡಿದು ಓಡಬೇಕೆ ಎಂದು ಎರಡು-ಮೂರು ಸೆಕೆಂಡುಗಳಲ್ಲಿ ನಿರ್ಧರಿಸುವವನೇ ಕ್ವಾರ್ಟರ್‌ಬ್ಯಾಕ್. ವೃತ್ತಿಪರ ಕೂಟವಾದ ಎನ್‌ಎಫ್‌ಎಲ್‌ನ 32 ತಂಡಗಳು ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆಯಲ್ಲಿ ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. 1998ರಲ್ಲಿ ಎರಡನೆಯವರಾಗಿ ಆಯ್ಕೆಯಾದ ರಯಾನ್ ಲೀಫ್, 2007ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್ ಕೆಲವೇ ವರ್ಷಗಳಲ್ಲಿ ತೆರೆಮರೆಗೆ ಸರಿದರೆ, 2000ದಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಬಾರಿ ಗೆದ್ದರು. ಹೀಗಾಗುವಾಗ ತಪ್ಪುವುದು ಆರಿಸುವವರ ಕಣ್ಣಲ್ಲ, ಅವರ ಅನುಮಾನ. ಇಲ್ಲಿ ಆ ಪದಕ್ಕೆ ಆಡುಮಾತಿನ ಶಂಕೆಯೆಂಬ ಅರ್ಥವಿಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವ ಪ್ರಮಾಣವೆಂಬ ಶಾಸ್ತ್ರಾರ್ಥವಿದೆ.

ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬ ಅನುಮಾನವನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಒಪ್ಪುತ್ತಾರೆ, ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂಬುದನ್ನು ಒಪ್ಪುವುದಿಲ್ಲ. ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯೇಳುವುದಿಲ್ಲ. ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆಯ ಸಂಪರ್ಕ ಬೇಕು. ಹೀಗೆ ಗಮನಕ್ಕೆ ಬಾರದೆ ಹಿಂದೆ ನಿಂತು ಫಲವನ್ನು ಆಗುಮಾಡುವ ಷರತ್ತಿಗೆ ‘ಉಪಾಧಿ’ ಎಂದು ಹೆಸರು. ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದವರಿಗೆಲ್ಲ ಇದು ಪರಿಚಿತ ಉದಾಹರಣೆ. ಕಾಲೇಜಿನಲ್ಲಿ ಗೆದ್ದವನು ಮುಂದೆಯೂ ಗೆಲ್ಲುವನೆಂಬ ಲೆಕ್ಕಾಚಾರದಲ್ಲಿ ಬಿಟ್ಟುಹೋಗುವುದು ಈ ಹಸಿ ಸೌದೆಯೇ.

ಆ ಸೌದೆ ಯಾವುದೆಂಬುದನ್ನು ಮೈದಾನದ ಸುಣ್ಣದ ಗೆರೆಗಳಲ್ಲೇ ಕಾಣಬಹುದು. ಎರಡೂ ಹಂತಗಳಲ್ಲಿ ಮೈದಾನದ ಅಗಲ 160 ಅಡಿಯೇ ಆದರೂ, ಪ್ರತಿ ಸರದಿಯಲ್ಲಿ ಚೆಂಡನ್ನು ಎಲ್ಲಿಂದ ಆಡಬಹುದೆಂಬುದಕ್ಕೆ ಎಲ್ಲೆಯಾಗಿರುವ ‘ಹ್ಯಾಶ್’ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಕೇವಲ 18 ಅಡಿ 6 ಅಂಗುಲ. ಆದ್ದರಿಂದ ಚೆಂಡು ಒಂದು ಗುರುತಿನ ಮೇಲಿದ್ದಾಗ ಕಾಲೇಜಿನ ಕ್ವಾರ್ಟರ್‌ಬ್ಯಾಕ್‌ನ ಒಂದು ಬದಿಗೆ 100 ಅಡಿ ಬಯಲು ಬಿದ್ದಿರುತ್ತದೆ. ವೃತ್ತಿಪರನಿಗೆ ಸಿಗುವುದು 89 ಅಡಿ ಚಿಲ್ಲರೆ. ಆ ಹೆಚ್ಚಿನ ಬಯಲನ್ನು ಕಾಯಲು ರಕ್ಷಣಾಪಡೆ ಚದುರಲೇಬೇಕು, ಚದುರಿದಾಗ ಸಂದುಗಳು ತೆರೆಯುತ್ತವೆ, ಆ ಸಂದುಗಳಲ್ಲಿ ಹೋದ ಚೆಂಡು ಎಸೆದವನ ಪ್ರತಿಭೆಯೆಂದು ದಾಖಲಾಗುತ್ತದೆ. ಗಾಳಿಯಲ್ಲಿ ಚೆಂಡು ಹಿಡಿದವನ ಒಂದು ಪಾದ ಗೆರೆಯೊಳಗಿದ್ದರೆ ಕಾಲೇಜಿನಲ್ಲಿ ಸಾಕು, ವೃತ್ತಿಪರ ಆಟದಲ್ಲಿ ಎರಡೂ ಊರಬೇಕು. ಎದುರಾಳಿ ಪಡೆ ನಿಂತ ಬಗೆಯನ್ನು ಅಂಚಿನಿಂದಲೇ ಓದಿ, ಸಂಜ್ಞೆಗಳಿಂದಲೋ ಚಿತ್ರಫಲಕಗಳಿಂದಲೋ ಮುಂದಿನ ನಡೆ ತಿಳಿಸುವ ತರಬೇತುದಾರ ಕಾಲೇಜಿನ ಹಲವು ತಂಡಗಳಲ್ಲಿದ್ದಾನೆ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಹೆಲ್ಮೆಟ್ಟಿನೊಳಗೇ ರೇಡಿಯೊ ಇದೆ, ಆದರೆ ಪ್ರತಿ ಸರದಿಯ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ನಿಂತುಹೋಗುತ್ತದೆ. ಬಳಿಕ ಎದುರಿನ ಹನ್ನೊಂದು ಮಂದಿಯನ್ನು ಓದುವ ಹೊಣೆ ಕ್ವಾರ್ಟರ್‌ಬ್ಯಾಕ್ ಒಬ್ಬನದೇ. ಓದುವ ಕಣ್ಣು ಬೇರೆಯವರದಾಗಿದ್ದಷ್ಟು ಕಾಲ ಅದು ತನ್ನಲ್ಲಿ ಇದೆಯೋ ಇಲ್ಲವೋ ಎಂಬುದು ಅವನಿಗೂ ತಿಳಿದಿರುವುದಿಲ್ಲ.

ಡ್ರಾಫ್ಟಿನ ನಿಯಮವೂ ವಿಚಿತ್ರವೇ: ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲ ಆಯ್ಕೆ ಸಲ್ಲುವುದರಿಂದ, ಅತ್ಯುತ್ತಮನೆನಿಸಿದವನು ಹೋಗಿ ಸೇರುವುದು ಅತಿ ದುರ್ಬಲರ ನಡುವೆ. 2002ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಡೇವಿಡ್ ಕಾರ್, ಆಗಷ್ಟೇ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡದಲ್ಲಿ ಆ ಒಂದೇ ಋತುವಿನಲ್ಲಿ 76 ಬಾರಿ ‘ಸ್ಯಾಕ್’ ಆದರು, ಎಂದರೆ ಚೆಂಡನ್ನು ಎಸೆಯುವ ಮೊದಲೇ ಎದುರಾಳಿಗಳು ಅವರನ್ನು ಹಿಡಿದು ಕೆಡವಿದರು. ಇಂಥವನಿಗೆ ಗುಂಡಿಗೆ ಸಾಲದೆಂದು ಹೇಳುವುದು ತೇವವಿಲ್ಲದ ಒಲೆಯನ್ನು ಹೊಗೆಯೇಳಲಿಲ್ಲವೆಂದು ದೂರಿದಂತೆ.

ಹಾಗೆಂದು ಎಲ್ಲವನ್ನೂ ಪರಿಸ್ಥಿತಿಯ ತಲೆಗೆ ಕಟ್ಟುವುದೂ ಸಲ್ಲದು. ಅದ್ವೈತಿಗಳು ಇದೇ ‘ಉಪಾಧಿ’ ಪದವನ್ನು ಇನ್ನೊಂದು ದೃಷ್ಟಾಂತದಲ್ಲಿ ಬಳಸುತ್ತಾರೆ: ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಂಡರೂ ಆ ಕೆಂಪು ಹೂವಿನದು, ಸ್ಫಟಿಕದ್ದಲ್ಲ. ಆತ್ಮವಿಚಾರಕ್ಕೆ ಹೊಂದುವ ಈ ಮಾತು ಆಟಗಾರನಿಗೆ ಹೊಂದದು, ಏಕೆಂದರೆ ಇದನ್ನು ಒಪ್ಪಿದರೆ ಅವನ ತೋಳಿನ ಬಲವೂ ವರ್ಷಗಳ ಸಾಧನೆಯೂ ಬರಿಯ ತೋರಿಕೆಯಾಗಿಬಿಡುತ್ತವೆ. ಬೆಂಕಿಯಿಲ್ಲದೆ ಹಸಿ ಸೌದೆಯೊಂದೇ ಹೊಗೆ ಕೊಡುವುದಿಲ್ಲವೆಂಬುದನ್ನು ನ್ಯಾಯದ ದೃಷ್ಟಾಂತ ಮರೆಯುವುದಿಲ್ಲ. ಆ ಮಟ್ಟಿಗೆ ಅದೇ ಹೆಚ್ಚು ನಂಬಲರ್ಹ.

ಬೆಂಕಿಯ ಪಾಲೆಷ್ಟು, ಸೌದೆಯ ಪಾಲೆಷ್ಟು ಎಂದು ತೂಗುವ ತಕ್ಕಡಿ ಮಾತ್ರ ಯಾರ ಬಳಿಯೂ ಇಲ್ಲ. 2018ರಲ್ಲಿ ಮೂರನೆಯವರಾಗಿ ಆಯ್ಕೆಯಾದ ಸ್ಯಾಮ್ ಡಾರ್ನಾಲ್ಡ್, ಮರುವರ್ಷ ನ್ಯೂಯಾರ್ಕ್ ಜೆಟ್ಸ್ ಪರ ಆಡುತ್ತ 33–0ರಿಂದ ಸೋತ ಪಂದ್ಯದ ನಡುವೆ ತನಗೆ ದೆವ್ವಗಳು ಕಾಣುತ್ತಿವೆ ಎಂದದ್ದನ್ನು ಮೈಕ್ ಹಿಡಿದಿಟ್ಟಿತು. ಇಲ್ಲದ ಎದುರಾಳಿಗಳು ಮೇಲೆರಗುವಂತೆ ಭಾಸವಾಗುವ ಆ ಸ್ಥಿತಿ ಹಗ್ಗದಲ್ಲಿ ಹಾವು ಕಂಡ ಭ್ರಮೆಯದೇ ಜಾತಿ. ಅದೇ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದಲ್ಲಿ 17 ಪಂದ್ಯಗಳಲ್ಲಿ 14ನ್ನು ಗೆಲ್ಲಿಸಿಕೊಟ್ಟಾಗ, ಅವರ ಬಗೆಗಿನ ಹಳೆಯ ತೀರ್ಪನ್ನು ಹಲವರು ಹಿಂತೆಗೆದುಕೊಂಡರು. ಆ ಬಳಿಕದ ನಾಕೌಟ್ ಪಂದ್ಯದಲ್ಲಿ ರಾಮ್ಸ್ ತಂಡ ಅವರನ್ನು 9 ಬಾರಿ ಕೆಡವಿ ಗೆದ್ದಿತು, ಹಿಂತೆಗೆದುಕೊಂಡ ತೀರ್ಪು ಮತ್ತೆ ಚರ್ಚೆಗೆ ಬಂತು.