ಊರಿನ ಹೆಸರು ಮತ್ತು ಕೇಳುವ ಕಿವಿ

ಕೃಷ್ಣೆ ಪಂಚಗಂಗೆಯರು ಕೂಡುವ ನರಸೋಬಾವಾಡಿಗೆ ದತ್ತದರ್ಶನಕ್ಕೆಂದು ದೂರದಿಂದ ಬರುವ ಯಾತ್ರಿಕರಲ್ಲಿ ಅನೇಕರು ದಾರಿ ಕೇಳುವಾಗ ನಮ್ಮ ತಾಲೂಕನ್ನು ‘ಶಿರೋಲ್’ ಎನ್ನುತ್ತಾರೆ. ನಾವು ನಗುತ್ತಲೇ ದಾರಿ ತೋರಿಸುತ್ತೇವೆ. ಆದರೂ ಮನಸ್ಸಿನಲ್ಲಿ ಏನೋ ಒಂದಿಷ್ಟು ಚುಚ್ಚುತ್ತದೆ. ಗಡಹಿಂಗ್ಲಜದ ಬಂಧುಗಳ ಪಾಡು ಇನ್ನೂ ವಿಚಿತ್ರ. ರೋಮನ್ ಲಿಪಿಯಲ್ಲಿ ‘ಡ’ಕಾರದ ಮಗ್ಗುಲಿಗೇ ‘ಹ’ಕಾರ ಬಂದು ಕೂತಿರುವುದರಿಂದ, ಫಲಕ ಓದಿದ ಹೊಸಬರು ಎರಡನ್ನೂ ಬೆಸೆದು ‘ಗಧಿಂಗ್ಲಾಜ್’ ಎಂದುಬಿಡುತ್ತಾರೆ. ಒಂದು ಅಕ್ಷರ ಅತ್ತಿತ್ತಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಹಾಗಾದರೆ ನಮಗೇಕೆ ನೋವು? ಊರಿನ ಹೆಸರನ್ನು ಊರವರಂತೆ ಉಚ್ಚರಿಸುವುದು ಬರಿಯ ಸೌಜನ್ಯವೋ, ಕರ್ತವ್ಯವೋ? ಈ ಸಮ್ಮೇಳನದ ಸಂದರ್ಭದಲ್ಲಿ ನಾವೆಲ್ಲರೂ ಕೂಡಿ ಯೋಚಿಸಬೇಕಾದ ಪ್ರಶ್ನೆಯಿದು.

ಈ ಸಂಕಟ ನಮ್ಮೊಬ್ಬರದೇ ಅಲ್ಲ. ಗಾಲ್ಫ್ ಆಟದ ತವರಾದ ಸ್ಕಾಟ್ಲೆಂಡಿಗೆ ಲೋಕದ ಮೂಲೆಮೂಲೆಗಳಿಂದ ಆಟಗಾರರು ಹೋಗುತ್ತಾರೆ. ಹೋದವರು ಅಲ್ಲಿನ ಊರುಗಳ ಹೆಸರಿನಲ್ಲಿ ಎಡವುತ್ತಾರೆ. ಕಾಗುಣಿತ ನೋಡಿ ‘ಮಿಲ್ನ್‌ಗೇವಿ’ ಎಂದರೆ ಊರವರು ‘ಮಲ್‌ಗಾಯ್’ ಎಂದು ತಿದ್ದುತ್ತಾರೆ. ಟರ್ನ್‌ಬೆರಿ ಮೈದಾನಕ್ಕೆ ಸಮೀಪದ ಒಂದು ಕೋಟೆಮನೆಯ ಹೆಸರನ್ನು ಓದಿದವರು ‘ಕಲ್ಜೀನ್’ ಎನ್ನುತ್ತಾರೆ. ಬಲ್ಲವರು ‘ಕಲೇನ್’ ಎನ್ನುತ್ತಾರೆ. ಇದರ ಹಿಂದಿನ ಕಾರಣ ಸ್ವಾರಸ್ಯಕರವಾದುದು. ಹಳೆಯ ಸ್ಕಾಟ್ ಬರವಣಿಗೆಯಲ್ಲಿ ‘ಯೋಖ್’ ಎಂಬ ಅಕ್ಷರವೊಂದಿತ್ತು. ಮುದ್ರಕರ ಅಚ್ಚುಮೊಳೆಗಳಲ್ಲಿ ಅದು ಇರಲಿಲ್ಲವಾಗಿ, ನೋಟಕ್ಕೆ ಅದನ್ನು ಹೋಲುವ ‘ಜೆಡ್’ ಅಕ್ಷರವನ್ನು ಜೋಡಿಸಿದರು. ಮೊಳೆಯ ಬಡತನ ಹೆಸರಿನ ದೋಷವಾಗಿ ಉಳಿಯಿತು. ನಮ್ಮ ಶಿರೋಳದ ಕಥೆಯೂ ಇದೇ ತೆರನಾದುದು. ರೋಮನ್ ಲಿಪಿಯಲ್ಲಿ ‘ಳ’ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ, ಫಲಕದಲ್ಲಿ ಇಲ್ಲದ್ದನ್ನು ಯಾತ್ರಿಕನು ಓದುವುದಾದರೂ ಹೇಗೆ? ಆದುದರಿಂದ ಮೊದಲ ತಪ್ಪನ್ನು ಪರಸ್ಥಳದವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು, ‘ಊರವರಂತೆ’ ಎಂದಾಗ ಯಾವ ಊರವರಂತೆ? ಗಡಿನಾಡಿನ ನಮಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಶಿರೋಳ ಎಂಬ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅವವೇ ಅಕ್ಷರಗಳಿಂದ ಬರೆಯುತ್ತಾರೆ. ಆದರೆ ಮರಾಠಿಯ ನಾಲಗೆ ಕೊನೆಯ ಅಕಾರವನ್ನು ನುಂಗಿ ‘ಶಿರೋಳ್’ ಎಂದು ನಿಲ್ಲುತ್ತದೆ. ವ್ಯಂಜನದಲ್ಲಿ ಮಾತು ಮುಗಿಸಲೊಪ್ಪದ ಕನ್ನಡದ ನಾಲಗೆ ‘ಶಿರೋಳ’ ಎಂದು ಸ್ವರದಲ್ಲಿ ವಿಶ್ರಮಿಸುತ್ತದೆ. ಇವೆರಡರಲ್ಲಿ ಯಾವುದು ಸರಿ? ಎರಡೂ ಸರಿ. ಆ ‘ಳ’ಕಾರವಂತೂ ಎರಡೂ ಭಾಷೆಗಳ ಸಮಾನ ಸಂಪತ್ತು. ಹೇರವಾಡ, ತೇರವಾಡ, ಕುರುಂದವಾಡಗಳ ಹೆಸರಿನ ಕೊನೆಯಲ್ಲಿ ಧಾರವಾಡದ ದನಿ ಕೇಳುತ್ತದೆ. ಖಿದ್ರಾಪುರದ ಕೊಪ್ಪೇಶ್ವರ ದೇಗುಲದಲ್ಲಿ ಹಳಗನ್ನಡದ ಶಾಸನಗಳೂ ಇವೆ, ನಾಗರಿ ಲಿಪಿಯ ಶಾಸನವೂ ಇದೆ. ಇಲ್ಲಿನ ಕಲ್ಲುಗಳೇ ಎರಡು ನಾಲಗೆಗಳಲ್ಲಿ ಮಾತನಾಡಿರುವಾಗ ಒಂದೇ ಉಚ್ಚಾರಣೆಗೆ ಪಟ್ಟ ಕಟ್ಟಲು ನಾವಾರು?

ನಮ್ಮನ್ನೂ ನಾವು ನೋಡಿಕೊಳ್ಳಬೇಕು. ‘ಬೆಳಗಾಂ’ ಎಂದವರನ್ನು ತಿದ್ದುವ ನಾವು, 2014ರ ನವೆಂಬರ್ 1ರಂದು ‘ಬೆಳಗಾವಿ’ ಅಧಿಕೃತವಾದಾಗ ಹಿಗ್ಗಿದ ನಾವು, ನೆರೆಯ ಸೋಲಾಪುರವನ್ನು ನಿಸ್ಸಂಕೋಚವಾಗಿ ‘ಸೊಲ್ಲಾಪುರ’ ಎನ್ನುತ್ತೇವೆ. ಇದು ತಪ್ಪೇ? ಅಲ್ಲವೆಂದೇ ನಮ್ಮ ಅನಿಸಿಕೆ. ಆ ಊರು ಸಿದ್ಧರಾಮನ ಸೊನ್ನಲಿಗೆ. ಶತಮಾನಗಳ ಹೋಗುಬರುವಿಕೆಯಿಂದ, ಭಕ್ತಿಯಿಂದ, ಬಾಂಧವ್ಯದಿಂದ ಕನ್ನಡಿಗರ ಬಾಯಲ್ಲಿ ಆ ಹೆಸರು ಪಳಗಿದೆ. ಒಡನಾಟದಿಂದ ಮಾರ್ಪಟ್ಟ ಹೆಸರು ಬೇರೆ, ಅಸಡ್ಡೆಯಿಂದ ಮುರಿದ ಹೆಸರು ಬೇರೆ. ಕಿವಿಗೆ ಇವೆರಡೂ ಒಂದೇ ತೆರನಾಗಿ ಕೇಳಿಸಬಹುದು. ಮನಸ್ಸಿಗೆ ಅವುಗಳ ಅಂತರ ತಿಳಿಯುತ್ತದೆ. ಹೇಳಿಕೊಟ್ಟ ಮೇಲೂ ‘ಎಲ್ಲಾ ಒಂದೇ ಅಲ್ಲವೇ’ ಎಂದು ಕೈಬೀಸುವವನು ಕಡೆಗಣಿಸುತ್ತಿರುವುದು ಅಕ್ಷರವನ್ನಲ್ಲ, ಎದುರಿಗೆ ನಿಂತ ಮನುಷ್ಯನನ್ನು. ನಮ್ಮನ್ನು ಚುಚ್ಚುವುದು ಅದೇ.

ಆದರೆ ಸರಿಯಾದ ಉಚ್ಚಾರಣೆಯ ಅಭಿಮಾನಕ್ಕೂ ಒಂದು ಕರಾಳ ಮುಖವಿದೆ. ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಸೋತು ಓಡುತ್ತಿದ್ದ ಎಫ್ರಾಯೀಮ್ಯರನ್ನು ಗಿಲ್ಯಾದಿನವರು ಯೊರ್ದನ್ ನದಿಯ ಹಾಯಗಡದಲ್ಲಿ ತಡೆದು, ‘ಶಿಬ್ಬೋಲೆತ್’ ಎನ್ನುವಂತೆ ಹೇಳಿದರು. ಶಕಾರ ಬಾರದೆ ‘ಸಿಬ್ಬೋಲೆತ್’ ಎಂದವರನ್ನೆಲ್ಲ ಅಲ್ಲಿಯೇ ಕೊಂದರು. ಸತ್ತವರು 42,000 ಮಂದಿ ಎನ್ನುತ್ತದೆ ಆ ಗ್ರಂಥ. ಆ ದಿನ ಹಾಯಗಡದಲ್ಲಿ ಅಕ್ಷರವೇ ಖಡ್ಗವಾಯಿತು. ಭಾಷೆಯ ಹೆಸರಿನಲ್ಲಿ ಕಹಿಯುಂಡ ಗಡಿನಾಡಿನವರಾದ ನಾವು ಈ ಕಥೆಯನ್ನು ಮರೆಯಬಾರದು. ಪುಣೆ, ಮುಂಬಯಿಗಳಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳೇ ರಜೆಗೆ ಬಂದಾಗ ‘ಶಿರೋಲ’ ಎನ್ನುವುದುಂಟು. ಆಗ ಪಡಸಾಲೆಯಲ್ಲಿ ನಗೆಯೆದ್ದರೆ, ಆ ಮಗು ಮುಂದಿನ ಸಲ ಊರಿನ ಹೆಸರನ್ನು ಹೇಳಲಿಕ್ಕೇ ಹಿಂಜರಿಯುತ್ತದೆ. ಒಂದು ಅಕ್ಷರವನ್ನು ಕಾಯಲು ಹೋಗಿ ಒಂದು ಮಗುವನ್ನೇ ಕಳೆದುಕೊಂಡಂತೆ.

ಆದ್ದರಿಂದ ಹೊಣೆ ಇಬ್ಬರದೂ ಹೌದು. ಬಂದವನ ಹೊಣೆ, ಒಮ್ಮೆ ಕೇಳಿ ತಿಳಿದು, ತನ್ನ ನಾಲಗೆಗೆ ಎಟುಕುವಷ್ಟು ಪ್ರಯತ್ನಿಸುವುದು. ಊರವನ ಹೊಣೆ, ನಗದೆ ಹೇಳಿಕೊಟ್ಟು, ಪ್ರಯತ್ನವನ್ನೇ ಪೂರ್ಣವೆಂದು ಸ್ವೀಕರಿಸುವುದು. ಇಚಲಕರಂಜಿಯಿಂದಲೂ ಗಡಹಿಂಗ್ಲಜದಿಂದಲೂ ಈ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಊಟದ ಪಂಕ್ತಿಯಲ್ಲಿ ಮಗ್ಗುಲಿಗೆ ಕುಳಿತವರನ್ನು ‘ನಿಮ್ಮೂರ ಹೆಸರನ್ನು ನೀವು ಹೇಗೆ ಹೇಳುತ್ತೀರಿ?’ ಎಂದು ಕೇಳಿರಿ. ಅವರು ಹೇಳಿದಂತೆ ಒಮ್ಮೆ ಹೇಳಿ ನೋಡಿರಿ. ತಪ್ಪಿದರೆ ಅವರು ತಿದ್ದಲಿ. ಮಾತು ಅಲ್ಲಿಂದಲೇ ಬೆಳೆಯುತ್ತದೆ.