ಅಪ್ಪನಿಗೆ ಹಳೇ ಫೋನು

ನನ್ನ ಫೋನಿಗೆ ಐದು ವರ್ಷ ಆಯ್ತು. ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತೆ, ಹೊಸದು ತಗೋಬೇಕು ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದೆ. ಅದು ನೆಪ. ಲಿಥಿಯಂ ಬ್ಯಾಟರಿ ಸವೆಯೋದು ಸಹಜ. 500 ಸಲ ಪೂರ್ತಿ ಚಾರ್ಜ್ ಆಗೋ ಹೊತ್ತಿಗೆ ಎಷ್ಟೋ ಫೋನುಗಳಲ್ಲಿ ಶೇ. 80ರಷ್ಟು ಶಕ್ತಿ ಮಾತ್ರ ಉಳಿದಿರುತ್ತೆ. ಬ್ಯಾಟರಿ ಬದಲಿಸಿದ್ರೆ ಮುಗೀತು. 2017ರಲ್ಲಿ ಆಪಲ್ ಕಂಪನಿ ಹಳೇ ಐಫೋನ್‌ಗಳ ವೇಗ ತಗ್ಗಿಸಿದ್ದನ್ನು ಒಪ್ಪಿಕೊಂಡಾಗ ಕಡಿಮೆ ಬೆಲೆಗೆ ಕೊಟ್ಟ ಪರಿಹಾರವೂ ಅದೇ.

ನಿಜವಾದ ಕಾರಣ ಬೇರೆ ಇದೆ. ಈ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತಿದೆ. ಹೊಸ ತೂತು ಸಿಕ್ಕರೆ ಮುಚ್ಚೋರಿಲ್ಲ. ಇದರಲ್ಲೇ ಯುಪಿಐ, ಇದರಲ್ಲೇ ಬ್ಯಾಂಕು. ಹಾಗಾಗಿ ಹೊಸದು ಆರ್ಡರ್ ಮಾಡ್ದೆ.

ಹಳೇದು? ಎಂದಿನಂತೆ ಊರಿಗೆ, ಅಪ್ಪನಿಗೆ. ನಿಮ್ಮನೇಲೂ ಹೀಗೇ ಅಲ್ವಾ?

ಕವರಿಗೆ ಹಾಕುವಾಗ ಕೈ ತಡೆಯಿತು. ಆಫೀಸಲ್ಲಿ ಪ್ಯಾಚ್ ಹಾಕದ ಸರ್ವರ್ ಒಂದು ದಿನ ಇದ್ದರೂ ಕೂಗಾಡೋನು ನಾನು. ನನಗೆ ಅಪಾಯ ಅನ್ನಿಸಿದ್ದು, ಅಡಿಕೆ ದುಡ್ಡು ಬೀಳೋ ಖಾತೆ ಇಟ್ಕೊಂಡಿರೋ, ಬಂದ ಲಿಂಕನ್ನೆಲ್ಲ ಒತ್ತೋ ಅಪ್ಪನಿಗೆ ಹೇಗೆ ಸಾಕು? ಪ್ರೀತಿಯಿಂದ ಕೊಡ್ತಿದೀನಿ ಅಂದ್ಕೊಂಡಿದ್ದೆ. ಎಸೆಯೋಕೆ ಮನಸ್ಸಿಲ್ಲದ್ದನ್ನ ದಾಟಿಸ್ತಿದ್ದೆ, ಅಷ್ಟೆ.

ಫೋನ್ ಮಾಡಿ, "ಅಪ್ಪಾ, ಹೊಸದು ನಿಂಗೇ" ಅಂದೆ.

"ನಂಗ್ಯಾಕೋ? ಕೆಲಸಕ್ಕೆ ನಿಂಗೆ ಬೇಕು. ಹಳೇದೇ ಕಳ್ಸು, ಚೆನ್ನಾಗೈತಲ್ಲ."

ಅಪ್ಪನಿಗೆ ಸೆಕ್ಯುರಿಟಿ ಅಪ್‌ಡೇಟ್ ಅಂದ್ರೇನು ಅಂತ ಹತ್ತು ನಿಮಿಷ ವಿವರಿಸಿದೆ. "ಹಂಗಾದ್ರೆ ಇಷ್ಟು ದಿನ ನಂಗೆ ಕೊಟ್ಟಿದ್ದು?" ಅಂದ್ರು.

ಹಳೇದಕ್ಕೆ ಬ್ಯಾಟರಿ ಹಾಕಿಸಿ, ಬ್ಯಾಂಕ್ ಆ್ಯಪ್ ತೆಗೆದಿದೀನಿ. ಹೊಸದು ಶನಿವಾರ ಊರಿಗೆ ಹೋಗುತ್ತೆ. ಅಲ್ಲೀವರೆಗೆ ಕ್ಯಾಮೆರಾ ಹೇಗಿದೆ ಅಂತ ನಾನೇ ನೋಡ್ತಿದೀನಿ. ಚೆನ್ನಾಗಿದೆ, ಹೊಟ್ಟೆ ಉರಿಯೋಷ್ಟು.