ಅಳಿಸುವ ಅಧಿಕಾರ

ಹಳೆಯದನ್ನು ಪೂರ್ತಿ ಕಿತ್ತೊಗೆದು ಹೊಸದಾಗಿ ಕಟ್ಟುವುದು ಮೇಲೋ, ಇದ್ದುದನ್ನೇ ತಿದ್ದಿಕೊಂಡು ನಡೆಯುವುದು ಮೇಲೋ ಎಂಬ ಪ್ರಶ್ನೆ ಸಮಾಜಸುಧಾರಕರಿಗೆ ಮಾತ್ರ ಮೀಸಲಾದುದಲ್ಲ. ಗಣಕಯಂತ್ರವನ್ನು ನೋಡಿಕೊಳ್ಳುವವನ ಮುಂದೆಯೂ ಅದು ಬಂದು ನಿಲ್ಲುತ್ತದೆ. ನಾನು ಕನ್ನಡ ಪಾಠ ಹೇಳುವವನು. ಗಣಕಶಾಸ್ತ್ರದ ಸಹೋದ್ಯೋಗಿಯೊಬ್ಬರು ತಮ್ಮ ಕೆಲಸದ ಕಷ್ಟವನ್ನು ವಿವರಿಸಿದಾಗ, ಅದರಲ್ಲಿ ಒಂದು ಧರ್ಮಜಿಜ್ಞಾಸೆಯೇ ಅಡಗಿರುವಂತೆ ತೋರಿತು.

ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎಂದು ಹೆಸರು. ಅವುಗಳಲ್ಲಿ ಪ್ರಸಿದ್ಧವಾದ ಅಪಾಚೆ 1995ರಲ್ಲಿ ಹುಟ್ಟಿದ್ದೇ, ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದ ಸರ್ವರಿಗೆ ಹಲವರು ಹಚ್ಚಿದ ತೇಪೆಗಳಿಂದ. ಇಂಥದೊಂದು ಸರ್ವರು ಹತ್ತು ವರ್ಷ ಬಿಡುವಿಲ್ಲದೆ ದುಡಿದ ಯಂತ್ರವನ್ನು ಊಹಿಸಿಕೊಳ್ಳಿ. ಒಬ್ಬರು ಒಂದು ಸಾಲು ಸೇರಿಸಿದರು, ಇನ್ನೊಬ್ಬರು ಒಂದು ಕಡತ ಇಟ್ಟರು. ಇಬ್ಬರೂ ಕೆಲಸ ಬಿಟ್ಟು ಹೋದರು. ಏಕೆ ಹಾಗೆ ಮಾಡಿದರೆಂದು ಯಾರೂ ಬರೆದಿಡಲಿಲ್ಲ. ಈಗ ಸರ್ವರನ್ನು ಮತ್ತೆ ಹೊಸದಾಗಿ ಸ್ಥಾಪಿಸಬೇಕಾಗಿದೆ.

ಡೆಬಿಯನ್ ವ್ಯವಸ್ಥೆಯಲ್ಲಿ ಹಳೆಯದನ್ನು ತೆಗೆಯಲು ಎರಡು ಆಜ್ಞೆಗಳುಂಟು. ‘ರಿಮೂವ್’ ಎಂದರೆ ತಂತ್ರಾಂಶ ಹೋಗುತ್ತದೆ. ಅದು ಹೇಗೆ ನಡೆಯಬೇಕೆಂದು ತಿಳಿಸುವ ಕಾನ್ಫಿಗರೇಷನ್ ಕಡತಗಳು ಉಳಿಯುತ್ತವೆ. ‘ಪರ್ಜ್’ ಎಂದರೆ ಅವೂ ಅಳಿಯುತ್ತವೆ. ದಣಿದವನ ಕೈ ಎರಡನೆಯದರತ್ತ ಚಾಚುವುದು ಸಹಜ. ಶುಚಿಯ ಹಂಬಲ ಕೆಟ್ಟದ್ದಲ್ಲ. ಆದರೆ ‘ನನಗೆ ಅರ್ಥವಾಗದುದು ಯಾರಿಗೂ ಬೇಡವಾದುದು’ ಎಂಬ ಅಹಂಕಾರವೂ ಅದರ ಬೆನ್ನಿಗಿರುತ್ತದೆ. ಆ ಅನಾಥ ಸಾಲಿನ ಆಚೆ ಅರ್ಜಿ ತುಂಬುತ್ತಿರುವ ವಿದ್ಯಾರ್ಥಿಯಿರಬಹುದು, ಪಿಂಚಣಿಯ ವಿವರ ನೋಡುತ್ತಿರುವ ವೃದ್ಧರಿರಬಹುದು. ಅವರ ಮುಖ ನಮಗೆ ಕಾಣದು. ಕಾಣದವರೊಡನೆ ಹೇಗೆ ನಡೆದುಕೊಳ್ಳುತ್ತೇವೆಂಬುದೇ ನಮ್ಮ ನೀತಿಯ ಒರೆಗಲ್ಲು.

ಹಾಗೆಂದು ಏನನ್ನೂ ಮುಟ್ಟದಿರುವುದು ವಿವೇಕವೆ? ದೋಷ ತಿದ್ದದ ಹಳೆಯ ತಂತ್ರಾಂಶವೆಂದರೆ ಅಗುಳಿಯಿಲ್ಲದ ಬಾಗಿಲು. ಕಳ್ಳ ನುಗ್ಗಿದರೆ ನಷ್ಟ ಅದೇ ವಿದ್ಯಾರ್ಥಿಗೆ, ಅದೇ ವೃದ್ಧರಿಗೆ. ನಮ್ಮ ಅಂಜಿಕೆಗೆ ಹಿಂದಿನವರ ಮೇಲಿನ ಗೌರವವೆಂದು ಹೆಸರಿಟ್ಟು ಪಾರಾಗಲಾಗದು.

ಬಲ್ಲವರು ಮೊದಲು ಎಲ್ಲದರ ಪ್ರತಿ ತೆಗೆದಿಡುತ್ತಾರೆ. ಯಾವ ಪುಟಗಳನ್ನು ಜನ ಇನ್ನೂ ಕೇಳುತ್ತಿದ್ದಾರೆಂದು ಸರ್ವರಿನ ದಿನಚರಿಯಾದ ಲಾಗ್ ಕಡತಗಳಲ್ಲಿ ನೋಡುತ್ತಾರೆ. ಹೊಸದನ್ನು ಪಕ್ಕದಲ್ಲಿ ನಿಲ್ಲಿಸಿ, ಪರೀಕ್ಷಿಸಿ, ಆಮೇಲೆ ಹಳೆಯದಕ್ಕೆ ವಿದಾಯ ಹೇಳುತ್ತಾರೆ. ಅಪಾಚೆಯಲ್ಲಿ ‘ಗ್ರೇಸ್‌ಫುಲ್ ಸ್ಟಾಪ್’ ಎಂಬ ಆಜ್ಞೆಯಿದೆ: ಹೊಸ ಕೋರಿಕೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಪೂರೈಸಿದ ಬಳಿಕವೇ ಸರ್ವರು ವಿರಮಿಸುತ್ತದೆ. ಉಣ್ಣುತ್ತಿರುವವನ ಮುಂದಿನ ಎಲೆ ಎಳೆಯಬಾರದೆಂಬ ನಮ್ಮ ಹಿರಿಯರ ಮರ್ಯಾದೆಯನ್ನು ಯಂತ್ರಕ್ಕೂ ಯಾರೋ ಕಲಿಸಿದ್ದಾರೆ!

ಹಳಗನ್ನಡ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರು ಒಂದು ಪಾಠವನ್ನು ಒಪ್ಪಿಕೊಂಡರೂ, ತಾವು ಬಿಟ್ಟ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಆಯುವ ಅಧಿಕಾರ ಅವರದು. ಮರುವಿಚಾರಣೆಯ ಹಕ್ಕು ಮುಂದಿನವರದು. ಅಪಾಚೆಯ ಕಡತದಲ್ಲಿಯೂ ಹ್ಯಾಶ್ ಗುರುತಿನಿಂದ ಆರಂಭವಾಗುವ ಸಾಲನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮುಂದೆ ಬರುವ ಮನುಷ್ಯನಿಗೆಂದು ಇರುವ ಜಾಗ. ‘ಇದನ್ನು ಇಂಥ ಕಾರಣಕ್ಕೆ ತೆಗೆದೆ’ ಎಂದು ಅಲ್ಲಿ ಬರೆಯಲು ಅರೆನಿಮಿಷ ಸಾಕು. ಆ ಅರೆನಿಮಿಷವನ್ನು ಕೊಡಲೊಪ್ಪದವನಿಗೆ ಅಳಿಸುವ ಅಧಿಕಾರವೂ ಇಲ್ಲವೆಂದೇ ನನ್ನ ಭಾವನೆ.